ಹಣಮಮ್ಮನ ಒನ್ಸ್ ಮೋರ್

"ತಪ್ಪು ಮಾಡಿದವರು ತಲಿ ತಗ್ಗಿಸಿ ನಿಂದರಬೇಕು, ಹಣಮಮ್ಮ. ನೀ ನೋಡಿದ್ರ ನನಗೇ ಕಣ್ಣು ಕೆಕ್ಕರಿಸಲಿಕತ್ತಿ!"

"ತಪ್ಪು ನಂದು ಅಂತ ಮೂರು ಸಲ ಹೇಳೀನ್ರಿ ಸರ್. ನಾಕನೇ ಸಲ ಹೇಳಂಗಿಲ್ಲ. ಇನ್ನೇನು ನಿಮ್ಮ ಕಾಲು ಹಿಡೀಬೇಕೇನು?"

"ಕಾಲು ಹಿಡಿಯೋದು ಬ್ಯಾಡ, ಪೇಟಿ ಬಿಟ್ಟರ ಸಾಕು. ಇವತ್ತಿನಿಂದ ನೀ ಅದನ್ನ ಮುಟ್ಟಬ್ಯಾಡ."

ಬೆಳಿಗ್ಗೆ ಹತ್ತು ಗಂಟೆಗೇ ವಾಡಿಯ ಬಿಸಿಲು ಚುರುಗುಟ್ಟುತ್ತಿತ್ತು. ರೈಲ್ವೆ ಜಂಕ್ಷನ್ನಿನ ಹಿಂದಿನ ಆ ಹಳೆಯ ಹಾಲ್‌ನ ಕಿಟಕಿಗಳಿಗೆಲ್ಲ ಕರಿ ಬಟ್ಟೆ ಬಡಿದಿದ್ದರಿಂದ ಒಳಗೆ ಗಾಳಿ ಎಂಬುದೇ ಇರಲಿಲ್ಲ. ಎದುರಿಗೆ ನಿಂತ ಆನಂದತೀರ್ಥರ ಬಿಳಿ ಅಂಗಿ ಬೆವರಿಗೆ ಎದೆಗಂಟಿತ್ತು. ಚಿತ್ತಾಪುರದಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮನುಷ್ಯ. ನೂರು ವರ್ಷದ ಹಿಂದಿನ ಮೂಕಚಿತ್ರಗಳೆಂದರೆ ಪ್ರಾಣ. ಐದು ಸಂಜೆ, ಐದು ಮೂಕಚಿತ್ರ, ಜೊತೆಗೆ ಹಾಲಿನಲ್ಲೇ ನುಡಿಸುವ ಕಾಲುಪೇಟಿ, ಅಂದರೆ ಕಾಲಿನಿಂದ ತಿದಿ ತುಳಿಯುವ ಹಾರ್ಮೋನಿಯಂ, ಎಂದು ಸೇಡಮ್‌ನಿಂದ ಚಿಂಚೋಳಿಯ ತನಕ ಪೋಸ್ಟರ್ ಹಚ್ಚಿಸಿದ್ದರು. ಇವತ್ತು ಮೂರನೆಯ ದಿನ.

"ಮುಟ್ಟಬ್ಯಾಡ ಅಂತೀರಿ. ಮುಟ್ಟೋರು ಮತ್ಯಾರು ಅದಾರ ನಿಮ್ಮ ಕಡೆ?" ಎಂದಳು ಹಣಮಮ್ಮ.

"ಯಾರೂ ಬೇಕಾಗಿಲ್ಲ. ಪೆನ್‌ಡ್ರೈವ್‌ನಾಗ ವಿಲಾಯತಿ ಆರ್ಗನ್ ಅದ. ಅದನ್ನೇ ಹಚ್ಚತೀವಿ."

"ಕಡೀ ದಿನದ ಸಿನಿಮಾಕ್ಕೂನ?"

"ಅದಕ್ಕೂ."

ಹೊಡೆತ ಬಿದ್ದದ್ದು ಅಲ್ಲಿ. ಇವತ್ತಿನ, ನಾಳಿನ ಚಿತ್ರ ಹೋದರೆ ಹೋಗಲಿ ಅನ್ನಬಹುದಿತ್ತು. ಐದನೆಯದು ಹಾಗಲ್ಲ.

ಹಣಮಮ್ಮನಿಗೆ ನಲವತ್ತೆಂಟು. ಏಳನೆಯ ತರಗತಿ ಓದಿದ್ದಾಳೆ. ಸಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ, ಬೇಸಿಗೆ ರಜೆಯಲ್ಲಿ ಕೈ ಖಾಲಿ. ಅವಳ ಅಜ್ಜಂದಿರು ಕಾಗಿಣಾ ಹೊಳೆಯಲ್ಲಿ ಹರಗೋಲು ಹಾಕಿ ಜನ ದಾಟಿಸಿದವರು. ಅಪ್ಪ ಭೀಮಶ್ಯಾ ಮಾತ್ರ ಹುಟ್ಟು ಬಿಟ್ಟು ನಾಟಕ ಕಂಪನಿ ಸೇರಿ ಪೇಟಿ ಮಾಸ್ತರನಾದ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಕಲಿಸಿದ. ಕಲಿತ ವಿದ್ಯೆ ಶನಿವಾರದ ಭಜನೆಗೆ ಬಿಟ್ಟರೆ ಮತ್ತೆಲ್ಲೂ ಉಪಯೋಗಕ್ಕೆ ಬಂದಿರಲಿಲ್ಲ. ಹನುಮಂತ ದೇವರ ಗುಡಿಯಲ್ಲಿ ಅವಳ ಪೇಟಿ ಕೇಳಿ ಈ ಹಾಲಿಗೆ ಕರೆತಂದವರು ಇದೇ ಆನಂದತೀರ್ಥರು. ವೇದಿಕೆಯ ಕೆಳಗೆ ಧೂಳಿನಲ್ಲಿ ಬಿದ್ದಿದ್ದ ಸೊಂಟದೆತ್ತರದ ಕಾಲುಪೇಟಿ ತೋರಿಸಿ, "ಇಂಗ್ಲಿಷರ ಕಾಲದ್ದು. ಉಸಿರಿಲ್ಲ. ನಿನ್ನ ಕೈಲಿ ಆಗ್ತದೇನು?" ಎಂದು ಕೇಳಿದ್ದರು.

ಇಪ್ಪತ್ತೆರಡು ದಿನ ಹಿಡಿಯಿತು. ತಿದಿಯನ್ನು ಇಲಿ ಕಡಿದು ಜರಡಿ ಮಾಡಿದ್ದವು. ಅದಕ್ಕೆ ರೆಕ್ಸಿನ್ ಕತ್ತರಿಸಿ ಹೊಲಿದುಕೊಟ್ಟವಳು ಪಕ್ಕದ ಗಲ್ಲಿಯ ಟೇಲರ್ ಶೈಸ್ತಾ. ಸ್ವರದ ಹಿತ್ತಾಳೆ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದವಳು ಹಣಮಮ್ಮ. ಮೊದಲ ಸ್ವರ ಹೊರಟಾಗ ಆನಂದತೀರ್ಥರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಿದ್ದರು. ಅಂಥವರು ಈಗ ಮುಟ್ಟಬ್ಯಾಡ ಅನ್ನುತ್ತಿದ್ದಾರೆ!

ಆದದ್ದಿಷ್ಟು. ನಿನ್ನೆ ಸಂಜೆಯದು ಟೋಪಿ ಮಾರುವವನೊಬ್ಬನ ಚಿತ್ರ. ಅವನ ಟೋಪಿ ಗಾಳಿಗೆ ಹಾರಿ ಓಡುವ ಗೂಡ್ಸ್ ಗಾಡಿಯ ಮೇಲೆ ಬೀಳುತ್ತದೆ. ಅವನು ಡಬ್ಬಿಯಿಂದ ಡಬ್ಬಿಗೆ ಜಿಗಿಯುತ್ತಾನೆ. ಹಣಮಮ್ಮ ಗಾಲಿಯ ಸಪ್ಪಳವನ್ನೇ ಪೇಟಿಯಲ್ಲಿ ಎಬ್ಬಿಸಿದಳು. ಹಾಲಿನಲ್ಲಿದ್ದವರು ಯಾರು? ರೈಲ್ವೆ ಗ್ಯಾಂಗಿನವರು, ಸಿಮೆಂಟ್ ಫ್ಯಾಕ್ಟರಿಯ ಲೋಡಿಂಗ್ ಮಂದಿ, ಶಹಾಬಾದಿನಿಂದ ಟಂಟಂ ಆಟೊ ಹತ್ತಿ ಬಂದ ಕಲ್ಲು ಪಾಲಿಶ್ ಕೆಲಸದವರು. ಕುರ್ಚಿ ಬಿಟ್ಟೆದ್ದು "ಒನ್ಸ್ ಮೋರ್!" ಎಂದು ಕೂಗಿದರು. ಕಂಪನಿ ನಾಟಕದಲ್ಲಿ ಆ ಕೂಗು ಬಂತೆಂದರೆ ನಟ ಹಿಂದಕ್ಕೆ ಹೋಗಿ ಮತ್ತೆ ಹಾಡಬೇಕು, ಪೇಟಿಯವನು ಮೊದಲಿನಿಂದ ಹಿಡಿಯಬೇಕು. ಸತ್ತು ಬಿದ್ದ ಪಾತ್ರಧಾರಿಯೂ ಎದ್ದು ಹಾಡಿ ಮತ್ತೆ ಸಾಯುತ್ತಿದ್ದ. ಆ ಚಾಳಿಯಲ್ಲಿ ಬೆಳೆದ ಹಣಮಮ್ಮನ ಕೈ ಅವಳನ್ನು ಕೇಳದೆಯೇ ಮೊದಲಿನ ಸ್ವರಕ್ಕೆ ಓಡಿತು. ಕಣ್ಣು ಜನರ ಮೇಲಿತ್ತು. ಬಿಳಿ ಪರದೆಯ ಮೇಲೆ ಚಿತ್ರ ಮುಂದಕ್ಕೆ ಹೋಗಿತ್ತು. ಟೋಪಿಯವನ ಸಣ್ಣ ಮಗಳು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚುತ್ತಿದ್ದಳು. ಪೇಟಿ ಧಡಕ್ ಧಡಕ್ ಎಂದು ಕುಣಿಯುತ್ತಿತ್ತು. ಸತ್ತ ಕೂಸನ್ನು ನೋಡಿ ಇನ್ನೂರು ಜನ ನಕ್ಕರು. ಕಲಬುರಗಿಯಿಂದ ಬಂದ ಅತಿಥಿಗಳು ಎದ್ದು ಹೋದರು.

"ಮಂದಿ ಮುಂದ ನನ್ನ ಇಜ್ಜತ್ ಹೋಯ್ತು. ಹೋಗಲಿ ಬಿಡು, ನಂದೇನು ದೊಡ್ಡದಲ್ಲ," ಎಂದರು ಆನಂದತೀರ್ಥರು. "ಆ ಕೂಸಿಂದು ಹೋಯ್ತಲ್ಲ! ನೂರು ವರ್ಷದ ಹಿಂದ ಯಾವನೋ ಪುಣ್ಯಾತ್ಮ ಒಂದು ಸಾವು ತೋರಿಸ್ಯಾನ. ಅದರ ಮುಂದ ಸುಮ್ಮನ ಕುಂದರಲಿಕ್ಕೆ ಬರದಿದ್ರ ನಾವು ಎಂಥ ಜನ?"

ಈ ಮಾತು ಹಣಮಮ್ಮನಿಗೆ ನಾಟಿತು. ರಾತ್ರಿಯೆಲ್ಲ ಅವಳಿಗೂ ಆ ಕೂಸಿನದೇ ಚಿಂತೆಯಾಗಿತ್ತು. ಆದರೆ ನಾಟಿದ್ದನ್ನು ಮುಖದಲ್ಲಿ ತೋರಿಸುವ ಹೆಂಗಸಲ್ಲ ಅವಳು.

"ಜನ ಕೇಳ್ಯಾರ್ರಿ. ಕೇಳಿದ ಮ್ಯಾಲ ಕೊಡಬೇಕು. ನಾ ಹಿಂದಕ್ಕ ಹೋದೆ, ನಿಮ್ಮ ಸಿನಿಮಾ ಬರಲಿಲ್ಲ. ಒಂದು ಗುಂಡಿ ಒತ್ತಿದ್ರ ಅದೂ ಹಿಂದಕ್ಕ ಬರ್ತದ, ಪದ್ಮಜಾಬಾಯಿ ನನಗ ತೋರ್ಸ್ಯಾರ. ಒತ್ತಿದ್ರ ಎಲ್ಲಾ ಬರೋಬರ್ ಆಗ್ತಿತ್ತು."

ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಪದ್ಮಜಾ ತಲೆ ತಗ್ಗಿಸಿದಳು. ಆನಂದತೀರ್ಥರ ಅಣ್ಣನ ಮಗಳು, ಬ್ಯಾಂಕಿನಲ್ಲಿ ಗುಮಾಸ್ತೆ. ಚಿತ್ರ ಓಡಿಸುವುದು ಅವಳ ಕೆಲಸ.

"ಸಿನಿಮಾ ಹಿಂದಕ್ಕ ಬರಂಗಿಲ್ಲ!" ಆನಂದತೀರ್ಥರ ಗಂಟಲಿನ ನರ ಉಬ್ಬಿತು. "ಇದೇನು ನಿಮ್ಮ ನಾಟಕ ಕಂಪನಿ ತಮಾಷಾ ಅಲ್ಲ. ಮಾಡಿದವನು ಹ್ಯಾಂಗ ಮಾಡ್ಯಾನೋ ಹಾಂಗ, ಮೊದಲಿಂದ ಕಡೀತನಕ, ಒಂದೇ ಉಸಿರಿನಾಗ ನೋಡಬೇಕು."

"ನಮ್ಮಪ್ಪನ ಕಂಪನಿ ಸುದ್ದಿಗೆ ಬರಬ್ಯಾಡ್ರಿ. ಆ ತಮಾಷಾದಾಗ ಕಲ್ತ ಕೈನೇ ನಿಮ್ಮ ಪೇಟಿಗೆ ಉಸಿರು ಕೊಟ್ಟದ್ದು."

ಹಾಗಂದು ಚಪ್ಪಲಿ ಮೆಟ್ಟಿ ಮನೆಗೆ ನಡೆದಳು.

ಸಂಜೆ, ಪಾಳಿ ಮುಗಿಸಿ ಬಂದು ಮಲಗಿದ್ದ ಗಂಡ ಮಾಣಿಕಪ್ಪನನ್ನು ಎಬ್ಬಿಸಿಕೊಂಡು ಮತ್ತೆ ಅದೇ ಹಾಲಿಗೆ ಹೋಗಿ ಜನರ ನಡುವೆ ಕೂತಳು. "ಬ್ಯಾಡಂದಲ್ಲಿಗೆ ಯಾಕ ಹೋಗ್ತಿ?" ಎಂದ ಮಾಣಿಕಪ್ಪ. "ಮುಟ್ಟಬ್ಯಾಡ ಅಂದಾರ, ನೋಡಬ್ಯಾಡ ಅಂದಿಲ್ಲ," ಎಂದಳು.

ವಿಲಾಯತಿ ಆರ್ಗನ್ ಶುರುವಾಯಿತು. ಕೆಟ್ಟದಾಗಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಕೆಟ್ಟದಾಗಿರಲಿಲ್ಲ. ಆಣೆಕಟ್ಟಿನ ಬಾಗಿಲು ಎತ್ತಿದಂತೆ ಸ್ವರ ನುಗ್ಗಿ ಬರುತ್ತಿತ್ತು, ಒಂದೂ ತಪ್ಪಿಲ್ಲ. ಆದರೆ ಅದಕ್ಕೆ ಎದುರಿಗೆ ಯಾರು ಕೂತಿದ್ದಾರೆ ಎನ್ನುವ ಖಬರ್ ಇರಲಿಲ್ಲ. ಜನ ನಕ್ಕರೆ ನಗು ಮುಗಿಯುವ ತನಕ ಕಾಯಲಿಲ್ಲ, ಮೈಮರೆತು ಕೂತರೆ ದನಿ ತಗ್ಗಿಸಲಿಲ್ಲ. ಅರ್ಧ ಗಂಟೆಗೆ ಹಿಂದಿನ ಸಾಲಿನವರು ಚಾ ಕುಡಿಯಲು ಎದ್ದರು. ಹೋದವರು ಹೋದರು. ನಾಲ್ಕನೆಯ ಸಂಜೆಗೆ ಹಾಲಿನಲ್ಲಿ ಮೂವತ್ತು ತಲೆ ಇದ್ದವು, ಅದರಲ್ಲಿ ಹತ್ತು ಕೂಲರ್ ಗಾಳಿಗೆಂದು ಬಂದವು.

ಐದನೆಯ ದಿನ ಬೆಳಿಗ್ಗೆ ಹಣಮಮ್ಮ ರೊಟ್ಟಿ ಬಡಿಯುತ್ತಿದ್ದಾಗ ಪದ್ಮಜಾ ಬಾಗಿಲಲ್ಲಿ ನಿಂತಳು.

"ಬರ್ರಿ, ಕುಂದ್ರಿ ಬಾಯಿ. ಹೆಂಚು ಇಳಸಾಕ ಬರಂಗಿಲ್ಲ, ಬಡಕೋತ ಕೇಳ್ತೀನಿ."

"ಕಾಕಾ ಒಪ್ಯಾರ ಅಕ್ಕ. ಇವತ್ತಿನದು ನೀನೇ ನುಡಸು."

ಹಣಮಮ್ಮನ ಕೈ ರೊಟ್ಟಿಯ ಮೇಲೆ ನಿಂತಿತು. ಮೂಲೆಯಲ್ಲಿ ಪಾಳಿ ಮುಗಿಸಿ ಬಂದು ಅಂಗಾತ ಮಲಗಿದ್ದ ಮಾಣಿಕಪ್ಪ ಕಣ್ಣು ತೆರೆಯದೆಯೇ, "ಕುರ್ಚಿ ಖಾಲಿ ಬಿದ್ದವಂತ, ಅದಕ್ಕ ಒಪ್ಯಾರ," ಎಂದ.

"ನೀ ಮಕ್ಕೋ," ಎಂದು ಗಂಡನಿಗೆ ಹೇಳಿ ಹಣಮಮ್ಮ ಪದ್ಮಜಾಳ ಕಡೆ ತಿರುಗಿದಳು. "ಮಾರಿ ಸಪ್ಪಗದ ನಿಮ್ದು. ಮುಂದಿನದು ಹೇಳ್ರಿ."

"ಪರದೆ ಕಡೆ ಮುಖ ಮಾಡಿ ಕುಂದರಬೇಕಂತ. ಜನರ ಕಡೆ ನೋಡಬಾರದಂತ."

"ಆಯ್ತು. ಕತ್ತು ನೋಯ್ತದ, ನೋಯ್ಲಿ."

"ಒನ್ಸ್ ಮೋರ್ ಅಂದ್ರ ಕಿವಿಗೆ ಹಾಕ್ಕೋಬಾರದಂತ."

"ಅಂದೇ ಅಂತಾರ."

"ಅನ್ನಬ್ಯಾಡ್ರಿ ಅಂತ ಕಾಕಾ ಮೊದಲೇ ಹೇಳ್ತಾರ. ನೀನೂ ಜರಾ, ಜನ ಕೇಳಲಾರದಂಗ ನುಡಸಿದ್ರ..."

"ಕೆಟ್ಟ ನುಡಸು ಅಂತ ಸಿದಾ ಹೇಳ್ರಿ ಬಾಯಿ, ಸುತ್ತಿ ಬಳಸಿ ಯಾಕ?" ಹಣಮಮ್ಮ ಜೋರಾಗಿ ನಕ್ಕಳು. ನಕ್ಕು ಮುಗಿಸಿ, "ಬರ್ತೀನಿ. ಪರದೆ ಕಡೆ ಮುಖ ಮಾಡ್ತೀನಿ. ಎರಡನೇ ಮಾತಿಗೆ ನಾ ಹೂಂ ಅಂದಿಲ್ಲ. ನಿಮ್ಮ ಕಾಕಾಗ ಇದ್ದದ್ದು ಇದ್ದಂಗ ಹೇಳ್ರಿ, ಒಂದು ಶಬ್ದ ಬಿಡಬ್ಯಾಡ್ರಿ," ಎಂದಳು.

ಪದ್ಮಜಾ ಹೇಳಿದಳೋ ಇಲ್ಲವೋ ಗೊತ್ತಿಲ್ಲ. ಹೇಳಿರಲಾರಳು. ನಡುವೆ ಸಿಕ್ಕವರು ಯಾವಾಗಲೂ ಅರ್ಧ ಮಾತೇ ಹೊತ್ತು ಹೋಗುವುದು.

ಐದನೆಯ ಚಿತ್ರದ್ದು ಹೊಳೆಯ ಕಥೆ. ಯಾವುದೋ ತಂಪು ದೇಶದ್ದು. ಒಬ್ಬ ವಿಧವೆ ದೋಣಿ ನಡೆಸಿ ಬದುಕುತ್ತಾಳೆ. ಊರವರು ಅವಳ ದೋಣಿ ಕಸಿಯಲು ನೋಡುತ್ತಾರೆ. ನೆರೆ ಬಂದ ದಿನ ಅವಳು ಅದೇ ಊರವರನ್ನು ಒಬ್ಬೊಬ್ಬರಾಗಿ ದಾಟಿಸುತ್ತಾಳೆ. ಕೊನೆಗೆ ಒಬ್ಬಳೇ ದೋಣಿಯಲ್ಲಿ ಕೂತು ರೊಟ್ಟಿ ತಿನ್ನುತ್ತಾಳೆ. ಇಷ್ಟೇ. ಪದ್ಮಜಾಳ ಲ್ಯಾಪ್‌ಟಾಪಿನಲ್ಲಿ ಇದನ್ನು ಹಣಮಮ್ಮ ಒಂಬತ್ತು ಸಲ ನೋಡಿದ್ದಳು. ಉಳಿದ ಚಿತ್ರಗಳಿಗೆ ಅಪ್ಪ ಕಲಿಸಿದ ನಾಟಕದ ಮಟ್ಟುಗಳನ್ನೇ ತಿರುವಿ ಹಾಕಿದ್ದಳು. ಇದಕ್ಕೆ ಮಾತ್ರ ಎಲ್ಲವನ್ನೂ ತಾನೇ ಕಟ್ಟಿದ್ದಳು. ನೆರೆಗೆ ಒಂದು ದೊಡ್ಡ ಮಟ್ಟು. ಕೊನೆಯ ರೊಟ್ಟಿಗೆ ಮೂರೇ ಸ್ವರದ ಒಂದು ಸಣ್ಣದು. ಆ ಸಣ್ಣದೇ ಎಲ್ಲಕ್ಕಿಂತ ಛಲೋ ಬಂದಿತ್ತು. ನಲವತ್ತು ವರ್ಷ ಪೇಟಿ ಒತ್ತಿದವಳು, ತನ್ನದು ಅನ್ನುವಂಥದನ್ನು ಮೊದಲ ಸಲ ಮಾಡಿದ್ದಳು. ಅದನ್ನು ಜನ ಕೇಳಬೇಕು. ಅವಳಿಗೆ ಬೇಕಾಗಿದ್ದದ್ದು ಇದೊಂದೇ.

ಸಂಜೆ ಏಳಕ್ಕೆ ಹಾಲ್ ತುಂಬಿ ಹೊರಗೂ ಜನ ನಿಂತರು. ಪೇಟಿ ಮತ್ತೆ ಬಂತೆಂಬ ಸುದ್ದಿಯನ್ನು ಶೈಸ್ತಾ ಇಡೀ ವಾಡಿಗೆ ಹಂಚಿದ್ದಳು. ಭಂಕೂರದಿಂದ ಎರಡು ಟ್ರ್ಯಾಕ್ಟರ್ ಜನ ಬಂದಿದ್ದರು. ಆನಂದತೀರ್ಥರು ಎದ್ದು ಕೈ ಮುಗಿದರು.

"ದಯವಿಟ್ಟು ಯಾರೂ ಕೂಗಬ್ಯಾಡ್ರಿ. ಒನ್ಸ್ ಮೋರ್ ಅನ್ನಬ್ಯಾಡ್ರಿ. ಸುಮ್ಮನ ಕುಂತು ನೋಡಿದ್ರ ಆ ನೂರು ವರ್ಷದ ಹಿಂದಿನ ಜನ ನಿಮ್ಮ ಜೋಡಿ ಮಾತಾಡ್ತಾರ."

"ಆಯ್ತ್ರಿ ಸರ್, ಶುರು ಮಾಡ್ರಿ!" ಎಂದು ಯಾರೋ ಕೂಗಿಯೇ ಹೇಳಿದರು.

ಹಣಮಮ್ಮ ಚಪ್ಪಲಿ ಬಿಟ್ಟು ಬರಿಗಾಲುಗಳನ್ನು ತಿದಿ ತುಳಿಯುವ ಪಾವಟಿಗೆಯ ಮೇಲಿಟ್ಟಳು. ಒಂದು ಕಾಲು ಕೆಳಗೆ, ಒಂದು ಕಾಲು ಮೇಲೆ. ತಿದಿ ಉಸಿರೆಳೆದುಕೊಂಡಿತು. ಮುಖ ಪರದೆಯ ಕಡೆಗಿತ್ತು, ಕೊಟ್ಟ ಮಾತಿಗೆ ತಪ್ಪಲಿಲ್ಲ. ಬೆನ್ನ ಹಿಂದೆ ಮುನ್ನೂರು ಜನ ಇದ್ದರು. ಕಣ್ಣಿಗೆ ಕಾಣದಿದ್ದರೂ ಅವರು ಎಲ್ಲಿ ಉಸಿರು ಹಿಡಿದರು, ಎಲ್ಲಿ ಬಿಟ್ಟರು ಎನ್ನುವುದೆಲ್ಲ ಅವಳ ಬೆನ್ನಿಗೆ ಗೊತ್ತಾಗುತ್ತಿತ್ತು.

ನೆರೆ ಬಂತು. ಬಿಳಿ ಪರದೆಯ ಮೇಲೆ ಕಪ್ಪು ನೀರು ಉಕ್ಕಿತು. ಹಣಮಮ್ಮ ಎಡಗೈಯನ್ನು ಕೆಳಗಿನ ಸ್ವರಗಳ ಮೇಲೆ ಚಾಚಿ ಹಾಕಿದಳು. ಬಲಗೈಯಲ್ಲಿ ಹುಟ್ಟಿನ ಏಟು, ಒಂದಾದ ಮೇಲೊಂದು, ದಣಿದದ್ದು, ಬಿಡದೇ ಇದ್ದದ್ದು. ವಿಧವೆ ಮೊದಲು ಒಬ್ಬ ಮುದುಕನನ್ನು ದಾಟಿಸಿದಳು. ಆಮೇಲೆ ಒಬ್ಬ ಬಸುರಿಯನ್ನು. ಕಡೆಗೆ ತನ್ನ ದೋಣಿಗೆ ಕೊಡಲಿ ಎತ್ತಿದವನನ್ನೂ ರಟ್ಟೆ ಹಿಡಿದು ಒಳಗೆಳೆದುಕೊಂಡಳು. ದೋಣಿ ದಡ ಮುಟ್ಟಿತು. ಹಣಮಮ್ಮ ಎರಡೂ ಕೈ ಒಟ್ಟಿಗೆ ಎತ್ತಿದಳು.

ಹಾಲ್ ಗಪ್ಪಾಯಿತು. ಕೂಲರಿನ ಸಪ್ಪಳ ಬಿಟ್ಟರೆ ಏನೂ ಇಲ್ಲ. ಆಮೇಲೆ ಹಿಂದಿನಿಂದ ಒಂದೇ ಒಂದು ಹೆಣ್ಣು ದನಿ, ಶೈಸ್ತಾಳದು: "ಒನ್ಸ್ ಮೋರ್!"

ಅಷ್ಟು ಸಾಕಾಯಿತು. ಮುನ್ನೂರು ಗಂಟಲು ಬಾಯ್ಬಿಟ್ಟವು.

ಹಣಮಮ್ಮ ನುಡಿಸಲಿಲ್ಲ. ಕೈ ತೊಡೆಯ ಮೇಲಿಟ್ಟುಕೊಂಡು ಕೂತಳು. ಪರದೆಯ ಮೇಲೆ ಚಿತ್ರ ಸದ್ದಿಲ್ಲದೆ ಮುಂದೆ ಹೋಗುತ್ತಿತ್ತು.

"ಪದ್ಮಜಾಬಾಯಿ, ಹಿಂದಕ್ಕ ತಗೋರಿ. ನೆರೆ ಎಲ್ಲಿಂದ ಬಂತೋ ಅಲ್ಲಿಗೆ."

"ಮುಂದ ನುಡಸು!" ಮೊದಲ ಸಾಲಿನಿಂದ ಆನಂದತೀರ್ಥರು ಎದ್ದು ಬಂದರು.

"ಜನ ಕೇಳಾಕತ್ತಾರ್ರಿ."

"ಜನ ಹೋಳಿ ಆಡಲಿಕ್ಕೂ ಕೇಳ್ತಾರ! ಮಾತು ಕೊಟ್ಟು ಬಂದೀದಿ ನೀ."

"ಮುಖದ ಮಾತು ಕೊಟ್ಟೀನಿ, ತಿರುಗಿಲ್ಲ. ಒನ್ಸ್ ಮೋರಿಗೆ ಮಾತು ಕೊಟ್ಟಿಲ್ಲ. ನಿಮ್ಮ ಹುಡುಗೀನ ಕೇಳ್ರಿ."

ಪದ್ಮಜಾ ಇಬ್ಬರ ಮುಖವನ್ನೂ ನೋಡಿದಳು. ಬೆರಳು ಗುಂಡಿಯ ಹತ್ತಿರ ಹೋಯಿತು. ಆನಂದತೀರ್ಥರು ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು ಏನೋ ಒತ್ತಿದರು. ಎರಡೂ ಸ್ಪೀಕರಿನಿಂದ ವಿಲಾಯತಿ ಆರ್ಗನ್ ಒಮ್ಮೆಲೇ ಮೊಳಗಿತು.

ಹಣಮಮ್ಮನ ಮೈ ಉರಿಯಿತು. ಮುಖ ಪರದೆಯ ಕಡೆಗೇ ಇಟ್ಟುಕೊಂಡು, ಬೆನ್ನ ಹಿಂದಿನವರಿಗೆ ಕೇಳುವಂತೆ ಒದರಿದಳು: "ಕೇಳ್ರಪ್ಪೋ! ನೀವು ಕೇಳೀರಿ, ನಾ ಕೊಡ್ತೀನಿ. ಚಿತ್ರ ಇಲ್ಲ. ಬರೇ ಹೊಳಿ."

ಕಾಲು ಒತ್ತಿದಳು. ಮೊದಲು ಆ ಗದ್ದಲದಲ್ಲಿ ಪೇಟಿ ಕೇಳಿಸಲೇ ಇಲ್ಲ. ಅವಳು ಬಿಡಲಿಲ್ಲ. ತಿದಿ ಕಿತ್ತು ಬರಲಿ ಎನ್ನುವಂತೆ ತುಳಿದಳು. ಸೀರೆಯ ನೆರಿಗೆ ಬಿಚ್ಚಿತು, ಬೆವರು ಮೊಣಕೈಯಿಂದ ಸ್ವರಗಳ ಮೇಲೆ ತೊಟ್ಟಿಕ್ಕಿತು. ಯಾವಾಗಲೋ ಸ್ಪೀಕರು ಸುಮ್ಮನಾದವು. ಪದ್ಮಜಾ ವೈರು ಕಿತ್ತಿದ್ದಳು. ಆನಂದತೀರ್ಥರು ಅದನ್ನು ಮತ್ತೆ ಸಿಕ್ಕಿಸಲು ಹೋಗಲಿಲ್ಲ, ನಿಂತಲ್ಲೇ ನಿಂತರು. ಪರದೆಯ ಮೇಲೆ ಬೇರೆಯದೇ ಏನೋ ನಡೆದಿತ್ತು. ಯಾರೂ ಅದನ್ನು ನೋಡಲಿಲ್ಲ. ಜನ ಕುರ್ಚಿ ಬಿಟ್ಟು ಪೇಟಿಯ ಸುತ್ತ ಬಂದು ನೆಲಕ್ಕೆ ಕೂತಿದ್ದರು.

ನೆರೆ ಇಳಿಯಿತು. ಹಣಮಮ್ಮ ಕೈ ಎತ್ತಿದಳು. ಪೇಟಿಯ ಮುಚ್ಚಳ ಹಾಕಿದಳು. ನೆರಿಗೆ ಸಿಕ್ಕಿಸಿಕೊಂಡು, ಚಪ್ಪಲಿ ಮೆಟ್ಟಿ, ವೇದಿಕೆಯ ಪಕ್ಕದ ಸಣ್ಣ ಬಾಗಿಲು ಬಿಟ್ಟು ಹಾಲಿನ ನಟ್ಟನಡುವೆ ದೊಡ್ಡ ಬಾಗಿಲಿನ ಕಡೆ ನಡೆದಳು. ಜನ ದಾರಿ ಬಿಟ್ಟರು. ಚಪ್ಪಾಳೆ ಹೊಡೆಯಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

ಬಾಗಿಲಿನ ಹತ್ತಿರ ಆನಂದತೀರ್ಥರು ಏದುಸಿರು ಬಿಡುತ್ತ ಬಂದು ಅಡ್ಡ ನಿಂತರು. ದನಿ ಇಳಿದಿತ್ತು.

"ಇನ್ನೂ ಹತ್ತು ನಿಮಿಷ ಅದ ಹಣಮಮ್ಮ. ಕಡೀದು ಯಾರು ನುಡಸಬೇಕು?"

"ಪೆನ್‌ಡ್ರೈವ್ ಅದ ಅಲ್ರಿ."

"ಅದಲ್ಲ. ರೊಟ್ಟಿ ತಿನ್ನೋದಕ್ಕ ನೀ ಏನೋ ಮೂರು ಸ್ವರದ್ದು ಕಟ್ಟೀ ಅಂತ ಪದ್ಮಜಾ ಹೇಳ್ಯಾಳ." ಅವರು ಪೇಟಿಯ ಕಡೆ ಕೈ ತೋರಿಸಿದರು. "ನಾ ಅದನ್ನ ಕೇಳಬೇಕು."

ಹಣಮಮ್ಮ ನಿಂತಲ್ಲೇ ತಿರುಗಿ ಪೇಟಿಯನ್ನು ನೋಡಿದಳು. ಅದನ್ನು ಅವರು ಕೇಳಿದರೆ ಏನು ಹೇಳುತ್ತಾರೋ ಎಂದು ಎಷ್ಟು ದಿನ ಕಾದಿದ್ದಳು! ಈ ಊರಿನಲ್ಲಿ ಅದರ ಬೆಲೆ ತಿಳಿಯುವವರು ಯಾರಾದರೂ ಇದ್ದರೆ ಈ ಮನುಷ್ಯ ಒಬ್ಬರೇ.

"ಸಿನಿಮಾ ಹಿಂದಕ್ಕ ತಗೋರಿ ಸರ್. ಜನ ಕೇಳಿದ ಜಾಗದಿಂದ ನುಡಸ್ಕೋತ ಬರ್ತೀನಿ. ಕಡೀದೂ ಕೊಡ್ತೀನಿ."

ಆನಂದತೀರ್ಥರು ಪರದೆಯನ್ನು ನೋಡಿದರು. ಪದ್ಮಜಾಳನ್ನು ನೋಡಿದರು. ಇಡೀ ಹಾಲ್ ಅವರ ಬಾಯನ್ನೇ ನೋಡುತ್ತಿತ್ತು.

"ಅದು ಆಗಂಗಿಲ್ಲ."

"ಹಂಗಾದ್ರ ಇದೂ ಆಗಂಗಿಲ್ಲ."

ಅವರು ಪಕ್ಕಕ್ಕೆ ಸರಿದರು. ಹಣಮಮ್ಮ ಹೊಸ್ತಿಲು ದಾಟಿದಳು. ಹೊರಗೆ ಕತ್ತಲಾಗಿದ್ದರೂ ಶಹಾಬಾದಿ ಕಲ್ಲಿನ ಅಂಗಳ ಇನ್ನೂ ಸುಡುತ್ತಿತ್ತು. ಹಿಂದಿನಿಂದ ಮಾಣಿಕಪ್ಪ ಓಡುತ್ತ ಬಂದ. "ಹಣಮಿ, ಕರ್ಯಾಕತ್ತಾರ. ಎಲ್ಲಾರೂ ಕರ್ಯಾಕತ್ತಾರ, ಕೇಳು ಅಲ್ಲಿ."

ಕೇಳಿಸುತ್ತಿತ್ತು. ಶೈಸ್ತಾಳ ದನಿ ಎಲ್ಲರದಕ್ಕಿಂತ ಮೇಲಿತ್ತು.

"ಕರೀಲಿ," ಎಂದು ಹಣಮಮ್ಮ ಕಾಲು ಬೀಸಿ ಹಾಕಿದಳು. ಕೂಗು ರೈಲ್ವೆ ಗೇಟಿನ ತನಕ ಬಂತು. ಗೇಟು ದಾಟಿದ ಮೇಲೆ ಅವಳು ತಿರುಗಿ ನೋಡಲಿಲ್ಲ. ಹಾಲ್‌ನಲ್ಲಿದ್ದವರು ದೀಪ ಹಚ್ಚಿಕೊಂಡು ಎಷ್ಟೋ ಹೊತ್ತು ಕಾದರು. ಅವಳು ಬರಲಿಲ್ಲ.